ಆರು ಹನ್ನೆರಡಕ್ಕೆ ಕಂಡ ಗಾಳಿ

ನಮ್ಮ ಸ್ಟೋರ್ಲಿ ಕೌಂಟಿಗೆ ನೂರಿಪ್ಪತ್ತೈದು ವರ್ಷ ತುಂಬಿದಾಗ ಪುಸ್ತಕವೊಂದನ್ನು ತರಬೇಕೆಂದು ಸಮಿತಿ ಮಾಡಿದರು. ಚರ್ಚುಗಳ ಅಧ್ಯಾಯ ಪಾದ್ರಿಯ ಹೆಂಡತಿಗೆ ಹೋಯಿತು, ಹಂದಿ ಸಾಕಣೆಯದು ಗೇಲನ್‌ಗೆ, ಸುಂಟರಗಾಳಿಗಳದು ನನಗೆ. ಆ ಬಗ್ಗೆ ಚರ್ಚೆಯೇ ಆಗಲಿಲ್ಲ. "ಅದು ಮಿಲೋದೇ ಬಿಡಿ" ಎಂದರು. ಕೋರ್ಟು ಕಟ್ಟಡದ ಮುಂಬಾಗಿಲ ಪಕ್ಕದ ಹಿತ್ತಾಳೆ ಫಲಕದಲ್ಲಿ ನನ್ನ ಹೆಸರಿದೆ: ಮಿಲೋ ಬ್ರಾಂಡ್ವೊಲ್ಡ್, ೧೯೭೪ರ ಜೂನ್ ಹದಿನೆಂಟರಂದು ಸಕಾಲದಲ್ಲಿ ಎಚ್ಚರಿಸಿ ಎಲ್ಡ್ರಪ್ ಊರನ್ನು ಉಳಿಸಿದವರು. ಫಲಕ ಹಾಕಿ ಇಪ್ಪತ್ನಾಲ್ಕು ವರ್ಷವಾಯಿತು. ಟ್ರಕ್ಕಿನ ನೋಂದಣಿಗೆ ಹೋಗಬೇಕಾದರೂ ನಾನು ಹಿಂಬಾಗಿಲಿನಿಂದಲೇ ಒಳಗೆ ಹೋಗುತ್ತೇನೆ. ಜನ ಅದನ್ನು ವಿನಯ ಎಂದುಕೊಂಡಿದ್ದಾರೆ.

ವಿನಯವೂ ಅಲ್ಲ, ಮಣ್ಣೂ ಅಲ್ಲ. ನಾಚಿಕೆ.

ಚರಿತ್ರೆ ಬರೆಯುವುದು ಮೊದಮೊದಲು ಖುಷಿಯಾಗಿಯೇ ಇತ್ತು. ನಮ್ಮಲ್ಲಿ ಒಬ್ಬೊಬ್ಬರ ಮನೆಗೂ ಒಂದೊಂದು ಗಾಳಿ ಇದೆ, ಬೆಳ್ಳಿ ಚಮಚದ ಹಾಗೆ ಅಜ್ಜಿಯಿಂದ ಮೊಮ್ಮಗಳಿಗೆ ಬರುತ್ತದೆ. ೧೮೯೩ರ ಗಾಳಿ ಪಿಯಾನೋ ಒಂದನ್ನು ಜೋಳದ ಹೊಲದಲ್ಲಿ ಇಳಿಸಿತಂತೆ. ೧೯೧೩ರದ್ದು ಹಳ್ಳಿ ಶಾಲೆಯನ್ನು ಎತ್ತಿ, ಅರ್ಧ ಸುತ್ತು ತಿರುಗಿಸಿ, ಬಾಗಿಲು ಉತ್ತರಕ್ಕೆ ಬರುವಂತೆ ಕೂರಿಸಿತು. ಸರಿ ಮಾಡಿಸಲು ಶಾಲಾ ಮಂಡಳಿಯವರಿಗೆ ಮನಸ್ಸು ಬಾರದೆ, ಮಕ್ಕಳು ಹನ್ನೊಂದು ಚಳಿಗಾಲ ಆ ಉತ್ತರದ ಗಾಳಿಗೆ ಮುಖ ಕೊಟ್ಟುಕೊಂಡೇ ಓದಿದರು. ೧೯೩೬ರ ಗಾಳಿ ಏನನ್ನೂ ಒಯ್ಯಲಿಲ್ಲ, ಆ ವರ್ಷ ಒಯ್ಯಲು ಏನೂ ಇರಲಿಲ್ಲ. ಇನ್ನು ಪುಕ್ಕವೆಲ್ಲ ಕಿತ್ತುಹೋಗಿಯೂ ಬದುಕುಳಿದ ಕೋಳಿ ಇಲ್ಲದ ಮನೆಯೇ ಇಲ್ಲ. ಬೇಲಿಕಂಬಕ್ಕೆ ಮೊಳೆಯಂತೆ ಹೊಕ್ಕ ಹುಲ್ಲುಕಡ್ಡಿ ತಮ್ಮದೆಂದು ಏಳು ಮನೆಯವರು ನನ್ನೊಂದಿಗೆ ಜಗಳವಾಡಿದರು. ಕೋಳಿಗೆ ಅರ್ಧ ಪುಟ ಬರೆದುಕೊಟ್ಟವರು ಸತ್ತವರಿಗೆ ಮಾತ್ರ ಒಂದೇ ಸಾಲು ಬರೆಯುತ್ತಿದ್ದರು. ಅದು ನಮ್ಮವರ ರೀತಿ.

ಮಾರ್ಚಿನ ಒಂದು ಬುಧವಾರ ಬೆಳಿಗ್ಗೆ ನಾನು ಗ್ರಂಥಾಲಯದ ನೆಲಮಾಳಿಗೆಯಲ್ಲಿ ಈ ಕಾಗದಗಳನ್ನು ಹರಡಿಕೊಂಡು ಕೂತಿದ್ದಾಗ ಆರ್ಲಿಸ್ ಟ್ವೈಟ್ ಮೆಟ್ಟಿಲಿಳಿದು ಬಂದರು. ೧೯೭೪ರ ಗಾಳಿಗೆ ಸತ್ತದ್ದು ಒಬ್ಬನೇ, ಓರ್ವಲ್ ಟ್ವೈಟ್. ಆರ್ಲಿಸ್ ಅವನ ಹೆಂಡತಿ. ನನಗಿಂತ ಹತ್ತು ವರ್ಷ ದೊಡ್ಡವರು, ಎಪ್ಪತ್ತೆಂಟಾಗಿತ್ತು. ಕೋಟನ್ನೂ ಬಿಚ್ಚದೆ, ಕೈಚೀಲದಿಂದ ನಾಲ್ಕಾಗಿ ಮಡಿಸಿದ ಕಾಗದ ತೆಗೆದು ನನ್ನ ಮುಂದಿಟ್ಟರು.

"ಓದು. ನಾನಿಲ್ಲೇ ಇರ್ತೀನಿ."

ಗೆರೆ ಹಾಕಿದ ಹಾಳೆಯಲ್ಲಿ ಶಾಲೆಯಲ್ಲಿ ಕಲಿತ ದುಂಡು ಅಕ್ಷರಗಳಲ್ಲಿ ಹೀಗಿತ್ತು:

'ಸೈರನ್ ಕೂಗಿದಾಗ ಸ್ಟ್ರಾಬೆರಿ ಜಾಮ್ ಒಲೆಯ ಮೇಲಿತ್ತು. ಇಳಿಸುವಾಗ ಉಕ್ಕಿ ಒಲೆಯೆಲ್ಲ ಅಂಟಾಯಿತು. ಗಾಳಿ ನಮ್ಮ ಮನೆ ಮುರಿದರೆ ಊರವರೆಲ್ಲ ಸಹಾಯಕ್ಕೆ ಬರುತ್ತಾರೆ, ನನ್ನ ಒಲೆ ನೋಡುತ್ತಾರೆ ಎಂದು ಒರೆಸಲು ನಿಂತೆ. ಓರ್ವಲ್ ಅಂಗಳದಲ್ಲಿ ನೆಲಮಾಳಿಗೆಯ ಬಾಗಿಲನ್ನು ಎತ್ತಿ ಹಿಡಿದು ಮೂರು ಸಲ ಕೂಗಿದ. ಮೂರು ಸಲವೂ ಬಂದೆ ಎಂದೆ. ಒರೆಸಿ ಮುಗಿಸಿ ಓಡಿದೆ. ಅವನು ನನ್ನನ್ನು ಮೊದಲು ಇಳಿಸಿದ. ಅವನ ಕಾಲು ಮೊದಲ ಮೆಟ್ಟಿಲ ಮೇಲಿತ್ತು. ಗಾಳಿ ಬಾಗಿಲನ್ನೂ ಅವನನ್ನೂ ಒಟ್ಟಿಗೆ ಒಯ್ದಿತು. ಓರ್ವಲ್‌ನನ್ನು ಕೊಂದದ್ದು ಗಾಳಿ ಅಲ್ಲ, ನಾನು. ಒಲೆ ಎಲ್ಲಿ ಬಿತ್ತೋ ಇವತ್ತಿಗೂ ಗೊತ್ತಿಲ್ಲ.'

ಓದಿ ಮುಗಿಸಿದ ಮೇಲೂ ನಾನು ಹಾಳೆಯನ್ನೇ ನೋಡುತ್ತ ಕೂತೆ. ತಲೆಯೆತ್ತಿದರೆ ಅವರ ಮುಖ ನೋಡಬೇಕಾಗುತ್ತಿತ್ತು.

"ಇದೆಲ್ಲ ಯಾಕೆ ಬಿಡಿ ಆರ್ಲಿಸ್" ಎಂದೆ. "ಎಷ್ಟೋ ವರ್ಷದ ಮಾತು. ನಿಮ್ಮನ್ನ ಯಾರು ತಾನೇ ಅಂದಿದ್ದಾರೆ?"

"ಯಾರೂ ಅಂದಿಲ್ಲ. ಅದಕ್ಕೇ ನಾನೇ ಅಂತಿದ್ದೀನಿ."

"ಪುಸ್ತಕ ಹಬ್ಬಕ್ಕೆ ಅಂತ ಮಾಡ್ತಿರೋದು. ಇಂಥದ್ದು..."

"ಊರವರ ಕೋಳಿಗಳನ್ನೆಲ್ಲ ಹಾಕ್ತೀಯಂತೆ. ನನ್ನ ಗಂಡನಿಗೆ ಜಾಗ ಇಲ್ವಾ?" ಬೆರಳಿನಿಂದ ಹಾಳೆಯನ್ನು ತಟ್ಟಿದರು. "ಒಂದಕ್ಷರ ತಿದ್ದಬೇಡ ಮಿಲೋ. ಬಾಯಲ್ಲಿ ಹೇಳೋಕೆ ನನ್ನ ಕೈಲಾಗಲ್ಲ, ಇಪ್ಪತ್ತೈದು ವರ್ಷ ನೋಡಿದ್ದಾಯ್ತು. ಕಾಗದದ ಮೇಲಾದ್ರೂ ಇರ್ಲಿ. ಇಲ್ದಿದ್ರೆ ಇದನ್ನ ಹೊತ್ಕೊಂಡೇ ಅವನ ಪಕ್ಕ ಮಲಗಬೇಕಾಗುತ್ತೆ."

ಅವರು ಕೈಗಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಹೋದರು. ನಾನು ಎದ್ದು ಕೈ ಕೊಡಲೂ ಇಲ್ಲ. ನನ್ನ ಈ ಕೈಯನ್ನು ಯಾವ ಮುಖ ಇಟ್ಟುಕೊಂಡು ಚಾಚಲಿ?

ಈಗ ನನ್ನ ವಿಷಯ ಹೇಳಬೇಕು. ನಾನು ಆ ಕಾಲದಲ್ಲಿ ಮೋಡ ಕಾಯುವವನು. ಸಂಬಳವಿಲ್ಲ, ಹವಾಮಾನ ಕಚೇರಿಯವರು ಎರಡು ಸಂಜೆ ಪಾಠ ಹೇಳಿ, ಟ್ರಕ್ಕಿಗೆ ಒಂದು ರೇಡಿಯೋ ಕೂರಿಸಿಕೊಟ್ಟಿದ್ದರು. ಆಕಾಶ ಕೆಟ್ಟಾಗ ಸ್ಮಶಾನದ ಗುಡ್ಡದ ಮೇಲೆ ಟ್ರಕ್ ನಿಲ್ಲಿಸಿ ನೋಡುವುದು, ಮೋಡದಿಂದ ಸುಂಟರಗಾಳಿಯ ಬಾಲ ಇಳಿದರೆ ಶೆರಿಫನ ಕಚೇರಿಗೆ ಹೇಳುವುದು, ಅವರು ಸೈರನ್ ಒತ್ತುವುದು. ಅಷ್ಟೇ ಕೆಲಸ.

೧೯೭೩ರ ಮೇ ತಿಂಗಳಲ್ಲಿ, ಹೈಸ್ಕೂಲಿನ ಪದವಿ ಸಮಾರಂಭದ ದಿನ, ನನಗೆ ಬಾಲ ಕಂಡಿತು. ಹೇಳಿದೆ. ಸೈರನ್ ಕೂಗಿತು. ನಾನೂರು ಜನ ನಿಲುವಂಗಿ, ಹೊಸ ಬೂಟುಗಳ ಸಮೇತ ನೆಲದಡಿಯ ಬಾಯ್ಲರ್ ಕೋಣೆಗೆ ನುಗ್ಗಿದರು. ಗೇಲನ್‌ನ ಹೆಂಡತಿಯ ಹಿಮ್ಮಡಿ ಮುರಿಯಿತು, ಕೇಕಿನ ಮೇಲೆ ಯಾರೋ ಕೂತರು. ಹತ್ತು ನಿಮಿಷಕ್ಕೆ ಬಿಸಿಲು ಬಂತು, ಕಾಮನಬಿಲ್ಲೂ ಮೂಡಿತು. ನನಗೆ ಕಂಡದ್ದು ಮಳೆಮೋಡದ ಹರಿದ ಚಿಂದಿ.

ಅಲ್ಲಿಂದ ಶುರುವಾಯಿತು. ಧಾನ್ಯದ ಗೋದಾಮಿನ ಕಾಫಿ ಮೇಜಿಗೆ ನಾನು ಕಾಲಿಟ್ಟರೆ ಸಾಕು, ಗೇಲನ್ ಮೇಜಿನ ಕೆಳಗೆ ನುಗ್ಗುತ್ತಿದ್ದ. "ಅಯ್ಯೋ ಮಿಲೋ ಬಂದ, ಎಲ್ರೂ ಬಗ್ಗ್ರಪ್ಪಾ!" ಒಬ್ಬ ಸಕ್ಕರೆ ಕೇಳಿದರೆ ಇನ್ನೊಬ್ಬ "ಮೊದಲು ಮಿಲೋನ ಕೇಳು, ಅದು ಸಕ್ಕರೆನೋ ಸುಂಟರಗಾಳಿನೋ" ಎನ್ನುತ್ತಿದ್ದ. ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಮೆರವಣಿಗೆಯಲ್ಲಿ ಒಂದು ಗಾಡಿ ಬಂತು. ಅದರ ಮೇಲೆ ಉದ್ದನೆಯ ಕೋಲಿಗೆ ನೆಲ ಒರೆಸುವ ಮಾಪನ್ನು ತಲೆಕೆಳಗಾಗಿ ಕಟ್ಟಿ, ಹಿಡಿ ತಿರುವಿ ಗಿರಗಿರ ತಿರುಗಿಸುತ್ತಿದ್ದರು. ಗೇಲನ್ ಡಬ್ಬಿಯೊಳಗೆ ಬಾಯಿಟ್ಟು "ಬಂತು! ಬಂತು!" ಎಂದು ಕೂಗುತ್ತಿದ್ದ. ಟ್ರ್ಯಾಕ್ಟರು ಓರ್ವಲ್ ಟ್ವೈಟ್‌ನದು, ಓಡಿಸುತ್ತಿದ್ದವನೂ ಅವನೇ. ನನ್ನನ್ನು ನೋಡಿ ಟೋಪಿ ಎತ್ತಿದ.

ನಾನು ರಸ್ತೆ ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟಿದೆ. ನಮ್ಮಲ್ಲಿ ಗೇಲಿ ಮಾಡಿದರೆ ನಗಬೇಕು. ನಗದವನನ್ನು ಹುಳಿಮುಖದವನು ಎನ್ನುತ್ತಾರೆ, ತಪ್ಪನ್ನು ಮರೆತರೂ ಹುಳಿಮುಖವನ್ನು ಮರೆಯುವುದಿಲ್ಲ. ಅವರದೂ ದ್ವೇಷವೇನಲ್ಲ, ಬೇಡದವನನ್ನು ನಮ್ಮವರು ಗೇಲಿ ಮಾಡುವುದೇ ಇಲ್ಲ. ಅದೆಲ್ಲ ನನಗೆ ಗೊತ್ತಿತ್ತು. ಆದರೂ ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರಲ್ಲ, ನನ್ನದು ಒಂದು ಚಿಂದಿ ಮೋಡಕ್ಕೆ ಹೋಗಿತ್ತು. ಮನೆಗೆ ಬಂದು ಕೊಟ್ಟಿಗೆಯಲ್ಲಿ ಒಬ್ಬನೇ ಕೂತು ಹಲ್ಲು ಕಡಿದೆ.

ಮುಂದಿನ ವರ್ಷ ಜೂನ್ ಹದಿನೆಂಟು. ಸಂಜೆ ಗುಡ್ಡದ ಮೇಲಿದ್ದೆ. ಹುಲ್ಲು ಅಲುಗುತ್ತಿರಲಿಲ್ಲ. ನೈಋತ್ಯದಲ್ಲಿ ಮೋಡದ ತಳ ಕೆಳಗೆ ಜಗ್ಗಿತು, ನಿಧಾನವಾಗಿ ಸುತ್ತತೊಡಗಿತು, ಅದರಿಂದ ಒಂದು ಬಾಲ ಇಳಿಯಿತು. ಈ ಸಲ ಚಿಂದಿಯಲ್ಲ ಎಂದು ನನಗೆ ಗೊತ್ತಾಯಿತು. ಇದರ ಬಗ್ಗೆ ನಾನು ಇಷ್ಟು ವರ್ಷ ನನಗೇ ಸುಳ್ಳು ಹೇಳಿಕೊಂಡಿದ್ದೇನೆ, ಈಗ ಹೇಳುವುದಿಲ್ಲ: ನನಗೆ ಗೊತ್ತಾಯಿತು. ಪಾಠದಲ್ಲಿ ಕಲಿಸಿದಂತೆ ಗಡಿಯಾರ ನೋಡಿ ಪುಟ್ಟ ಪುಸ್ತಕದಲ್ಲಿ ಬರೆದೆ, ಆರು ಹನ್ನೆರಡು. ರೇಡಿಯೋದ ಮೈಕು ಕೈಗೆತ್ತಿಕೊಂಡೆ. ಗುಂಡಿಯ ಮೇಲೆ ಹೆಬ್ಬೆರಳಿಟ್ಟೆ. ಒತ್ತಲಿಲ್ಲ.

ಇನ್ನೊಂದು ಸ್ವಲ್ಪ ನೋಡೋಣ ಎಂದುಕೊಂಡೆ. ಬಾಲ ಮೇಲಕ್ಕೆ ಹೋಯಿತು. ಸದ್ಯ, ಹೇಳಲಿಲ್ಲ ಎಂದುಕೊಂಡೆ. ಮತ್ತೆ ಇಳಿಯಿತು. ನೆಲ ಮುಟ್ಟಲಿ, ಮಣ್ಣು ಏಳಲಿ, ಆಮೇಲೆ ಯಾರೂ ಮೇಜಿನ ಕೆಳಗೆ ನುಗ್ಗುವ ಹಾಗಿಲ್ಲ ಎಂದುಕೊಂಡೆ. ಆರು ಇಪ್ಪತ್ತೊಂದಕ್ಕೆ ನೈಋತ್ಯದ ಹೊಲದಲ್ಲಿದ್ದ ಹೋವ್‌ಲಂಡ್ ಮನೆಯವರ ಖಾಲಿ ಕೊಟ್ಟಿಗೆಯ ಮಾಡು ಇಡಿಯಾಗಿ ಎದ್ದು ಆಕಾಶದಲ್ಲಿ ಪುಡಿಯಾಯಿತು. ಆಗ ಒತ್ತಿದೆ. ಸೈರನ್ ಕೂಗಿತು. ಊರಿನ ಅಂಚಿನಲ್ಲಿದ್ದ ಟ್ವೈಟರ ಮನೆಗೆ ಗಾಳಿ ಬಂದಾಗ ಆರು ಇಪ್ಪತ್ತಾರು. ಆಮೇಲೆ ಅದು ಪೂರ್ವಕ್ಕೆ ತಿರುಗಿ ಊರನ್ನು ಬಿಟ್ಟು ಹೋಯಿತು. ಊರು ಉಳಿದದ್ದು ಗಾಳಿಯ ದಯೆಯಿಂದ, ಫಲಕ ಬಂದದ್ದು ನನ್ನ ಹೆಸರಿಗೆ. ಶೆರಿಫನ ಕಚೇರಿಯಲ್ಲಿ ದಾಖಲಾದದ್ದು ಆರು ಇಪ್ಪತ್ತೊಂದು. ಮಿಲೋ ಕಂಡ ಕ್ಷಣವೇ ಹೇಳಿದ ಎಂದರು. ನಾನು ಅಲ್ಲವೆನ್ನಲಿಲ್ಲ. ಮನೆಗೆ ಬಂದು ಆ ಪುಟ್ಟ ಪುಸ್ತಕದ ಹಾಳೆಯನ್ನು ಹರಿದು ಸಿಂಕಿನಲ್ಲಿ ಸುಟ್ಟೆ.

ಆರ್ಲಿಸ್‌ರ ಹಾಳೆಯನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಇಟ್ಟಾಗ ನನ್ನ ಹೆಂಡತಿ ಲವೋನ್ ಓದಿದಳು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದಳು.

"ಅವರ ಪುಟಾನೂ ಬೇಡ, ನಿನ್ನ ಪುಟಾನೂ ಬೇಡ" ಎಂದಳು. "ಹಂದಿ ಇದೆ, ಚರ್ಚಿದೆ. ಪುಸ್ತಕಕ್ಕೆ ಅಷ್ಟು ಸಾಕು."

"ನನ್ನ ಪುಟ ಅಂದ್ರೆ?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಳ್ಳೋನು ನೀನು. ಆ ಸಿಂಕಲ್ಲಿ ಕಾಗದ ಸುಟ್ಟ ವಾಸನೆ ಎಷ್ಟು ದಿನ ಇತ್ತು ಅನ್ಕೊಂಡೆ?"

ಮದುವೆಯಾಗಿ ನಲವತ್ತು ವರ್ಷದ ಹೆಂಡತಿ, ಇಪ್ಪತ್ತೈದು ವರ್ಷದಿಂದ ಗೊತ್ತಿದ್ದೂ ಒಂದು ಮಾತು ಕೇಳಿರಲಿಲ್ಲ. ಅದನ್ನು ಪ್ರೀತಿ ಎನ್ನಬೇಕೋ ಏನೆನ್ನಬೇಕೋ, ನನಗಂತೂ ಅವಳ ಮುಂದೆ ಬಟ್ಟೆಯಿಲ್ಲದೆ ನಿಂತ ಹಾಗಾಯಿತು.

ಆಮೇಲೆ ನಾನು ಮಾಡಿದ್ದು ಎಲ್ಲಕ್ಕಿಂತ ಹೇಸಿಗೆಯ ಕೆಲಸ. ಆರ್ಲಿಸ್‌ರ ಪುಟವನ್ನು ತಿದ್ದಿದೆ. ಒಲೆ ತೆಗೆದೆ, ಒರೆಸಿದ್ದು ತೆಗೆದೆ, ಮೂರು ಕೂಗು ತೆಗೆದೆ. 'ಸೈರನ್ ಕೇಳಿದ ಕೂಡಲೇ ದಂಪತಿಗಳು ನೆಲಮಾಳಿಗೆಗೆ ಧಾವಿಸಿದರೂ, ದುರದೃಷ್ಟವಶಾತ್ ಓರ್ವಲ್ ಗಾಳಿಗೆ ಸಿಕ್ಕಿದರು' ಎಂದು ಒಂದೇ ಸಾಲು ಮಾಡಿದೆ. ಅವರಿಗೆ ಉಪಕಾರ ಮಾಡುತ್ತಿದ್ದೇನೆ ಎಂದು ನನ್ನನ್ನೇ ನಂಬಿಸಿಕೊಂಡೆ. ಉಪಕಾರ ನನಗೇ ಆಗುತ್ತಿತ್ತು. ಆ ಒಲೆ ಪುಸ್ತಕದಲ್ಲಿದ್ದರೆ, ಓದಿದವರು ಯಾರಾದರೂ ನಿಮಿಷ ಎಣಿಸಲು ಕೂರಬಹುದಿತ್ತು.

ಅಚ್ಚಿನ ಕರಡನ್ನು ತೋರಿಸಲು ಏಪ್ರಿಲಿನಲ್ಲಿ ಅವರ ಮನೆಗೆ ಹೋದೆ. ಹಳೆಯ ಅಡಿಪಾಯದ ಮೇಲೆಯೇ ಕಟ್ಟಿಸಿಕೊಂಡ ಸಣ್ಣ ಮನೆ. ಕಾಫಿ ಕೊಟ್ಟರು, ದಾಲ್ಚಿನ್ನಿಯ ಬ್ರೆಡ್ಡು ಕೊಟ್ಟರು. ನಿಂತುಕೊಂಡೇ ಓದಿದರು. ಮುಖ ಕೆಂಪಾಯಿತು.

"ನೀನೂ ನನ್ನ ನೋಡಿ ಅಯ್ಯೋ ಪಾಪ ಅನ್ನೋನೇ ಆದ್ಯಲ್ಲೋ" ಎಂದರು. "ಧೈರ್ಯ ಮಾಡಿ ಒಂದು ಸಲ ಹೇಳ್ದೆ. ಅದನ್ನೂ ಒರೆಸಿ ಹಾಕ್ದೆ."

"ನಿಮ್ಮ ತಪ್ಪಲ್ಲ ಆರ್ಲಿಸ್."

"ನೀನು ಅಲ್ಲಿದ್ಯಾ? ನೀನು ನೋಡಿದ್ಯಾ?"

"ನೋಡಿದೆ" ಎಂದೆ.

ಬಾಯಿಂದ ಬಂದೇಬಿಟ್ಟಿತು. ಆಮೇಲೆ ನಿಲ್ಲಿಸಲಾಗಲಿಲ್ಲ. ಗುಡ್ಡ, ಬಾಲ, ಆರು ಹನ್ನೆರಡು, ಗುಂಡಿಯ ಮೇಲಿದ್ದ ಹೆಬ್ಬೆರಳು, ಎಲ್ಲ ಹೇಳಿದೆ. ಅವರ ಕಣ್ಣು ನೋಡಲಾಗದೆ ಮೇಜಿನ ಬಟ್ಟೆಯ ಚೌಕಗಳಿಗೆ ಹೇಳಿದೆ. ಮುಗಿದ ಮೇಲೆ ಅವರು ಕುರ್ಚಿ ಎಳೆದು ಕೂತರು. ಆಮೇಲೆ ಹೊಲಿಗೆಯವರು ಬಟ್ಟೆ ಅಳೆಯುವಂತೆ ಒಂದೊಂದೇ ಅಳೆಯತೊಡಗಿದರು.

"ಆರು ಹನ್ನೆರಡಕ್ಕೆ... ಸಕ್ಕರೆ ಹಾಕ್ತಿದ್ದೆ. ಇನ್ನೂ ಕುದೀತಿರಲಿಲ್ಲ. ಓರ್ವಲ್ ಬೂಟು ಬಿಚ್ತಿದ್ದ." ಬೆರಳು ಮಡಚಿದರು. "ಬೂಟು ಹಾಕ್ಕೊಳ್ಳೋಕೆ ಒಂದು ನಿಮಿಷ. ಒಲೆ ಆರಿಸೋಕೆ ಎಷ್ಟು ಹೊತ್ತು. ಒರೆಸಿದ್ರೂ ಎರಡು ನಿಮಿಷ ಇರ್ಲಿ, ಮೂರು ಇರ್ಲಿ. ಬೆಕ್ಕನ್ನೂ ಕರ್ಕೊಂಡು ಹೋಗ್ಬಹುದಿತ್ತು." ಕೈ ನಿಂತಿತು. "ಇಬ್ರೂ ಕೆಳಗೆ ಕೂತು ಜಗಳಾನೂ ಆಡ್ಬಹುದಿತ್ತು, ಮಿಲೋ. ಅಷ್ಟು ಹೊತ್ತಿತ್ತು."

ನಾನು ಅಳುತ್ತಿದ್ದೆ. ಅವರು ಅಳಲಿಲ್ಲ.

"ಯಾಕೆ ಹೇಳ್ಲಿಲ್ಲ?"

"ಮತ್ತೆ ನಗ್ತಾರೆ ಅಂತ."

"ನಗ್ತಾರೆ ಅಂತ."

"ಹೂಂ."

"ಜನ ಏನಂತಾರೋ ಅಂತ ನಾನು ಒಲೆ ಒರೆಸ್ದೆ. ಜನ ಏನಂತಾರೋ ಅಂತ ನೀನು ಬಾಯಿ ಮುಚ್ಕೊಂಡೆ" ಎಂದರು. "ಜನ ಏನೂ ಅನ್ನಲೇ ಇಲ್ವಲ್ಲೋ."

ಕ್ಷಮಿಸಿ ಎಂದೆ. ಅವರು ನನ್ನ ಲೋಟ ಎತ್ತಿ ತೊಳೆಯುವಲ್ಲಿಟ್ಟು, "ನನ್ನದನ್ನ ಇದ್ದ ಹಾಗೇ ಹಾಕು. ನಿನ್ನದನ್ನ ಅದರ ಪಕ್ಕ ಹಾಕು. ಈಗ ಎದ್ದು ಹೋಗು" ಎಂದರು. ಎದ್ದು ಹೋದೆ. ಗೇಟಿನ ಹತ್ತಿರ ತಿರುಗಿ ನೋಡಿದಾಗ ಕಿಟಕಿಯಲ್ಲಿ ಬೆನ್ನು ಕಾಣುತ್ತಿತ್ತು, ಭುಜಗಳು ಅಲುಗುತ್ತಿದ್ದವು. ಅವರಿಗೆ ಹಗುರಾಯಿತೋ ಇನ್ನೂ ಭಾರವಾಯಿತೋ ಹೇಳಲಾರೆ.

ಸಮಿತಿಯಲ್ಲಿ ಎರಡು ಪುಟಗಳನ್ನೂ ನಾನೇ ಗಟ್ಟಿಯಾಗಿ ಓದಿದೆ. ಯಾರೋ ಕೆಮ್ಮಿದರು. ಪಾದ್ರಿಯ ಹೆಂಡತಿ ಮಡಿಲಲ್ಲಿದ್ದ ಕೈಗಳನ್ನು ನೋಡಿಕೊಂಡರು. ಗೇಲನ್ ಮಾತ್ರ, "ಯಾರಿಗೆ ಬೇಕಿತ್ತು ಮಾರಾಯ ಇದೆಲ್ಲ? ಹಬ್ಬದ ದಿನ..." ಎಂದು ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದ. ಕಿತ್ತು ಹಾಕಿ ಎನ್ನುವ ಧೈರ್ಯ ಒಬ್ಬರಿಗೂ ಬರಲಿಲ್ಲ. ಪುಸ್ತಕ ಅಚ್ಚಾಯಿತು. ಎಡಗಡೆ ಅವರ ಪುಟ, ಬಲಗಡೆ ನನ್ನದು.

ಯಾರಾದರೂ ಕಲ್ಲು ಹೊಡೆದಾರು, ಕಡೇಪಕ್ಷ ಬೈದಾರು ಎಂದುಕೊಂಡಿದ್ದೆ. ಏನೂ ಇಲ್ಲ. ಕಾಫಿ ಮೇಜಿಗೆ ಹೋದರೆ ಗೇಲನ್ ಎದ್ದು ಕುರ್ಚಿ ಎಳೆದುಕೊಡುತ್ತಾನೆ, ಮೊಣಕಾಲು ನೋವು ಹೇಗಿದೆ ಎಂದು ಕೇಳುತ್ತಾನೆ. ನನ್ನ ಲೋಟಕ್ಕೆ ಮೊದಲು ಸುರಿಯುತ್ತಾರೆ. ಮಳೆಯ ಮಾತು ಬಂದರೆ ನಡುವೆಯೇ ನಿಲ್ಲಿಸಿ ಸೋಯಾಬೀನಿನ ಮಾತಾಡುತ್ತಾರೆ. ಮೇ ಹೋಯಿತು, ಜುಲೈ ಹೋಯಿತು, ಒಬ್ಬನೇ ಒಬ್ಬ ನನ್ನನ್ನು ಗೇಲಿ ಮಾಡಲಿಲ್ಲ. ಒಂದು ಕಾಲದಲ್ಲಿ ಯಾವುದಕ್ಕೆ ಹೆದರಿ ಗುಂಡಿ ಒತ್ತದೆ ಕೂತೆನೋ, ಅದೇ ಬೇಕೆಂದು ಹಪಹಪಿಸುವಂತಾಯಿತು. ಇಂಥವನು ಇನ್ನು ಎಲ್ಲಿ ಮುಖ ಇಡಬೇಕು?

ಆಗಸ್ಟಿನಲ್ಲಿ ಚರ್ಚಿನ ನೆಲಮಾಳಿಗೆಯ ಸಭಾಂಗಣದಲ್ಲಿ ಹಬ್ಬದ ಊಟವಿತ್ತು. ಇಡೀ ಕೌಂಟಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿತ್ತು. ಬಡಿಸುವ ಹೆಂಗಸರ ಸಾಲಿನಲ್ಲಿ ಆಲೂಗಡ್ಡೆಯ ಪಾತ್ರೆಯ ಹಿಂದೆ ಆರ್ಲಿಸ್. ಏಪ್ರಿಲಿನಿಂದ ನಾವು ಮುಖಾಮುಖಿಯಾಗಿರಲಿಲ್ಲ. ಸಾಲು ಬಿಟ್ಟು ಹೋಗೋಣವೆಂದರೆ ಹಿಂದೆ ಗೇಲನ್ ಇದ್ದ. ನನ್ನ ಸರದಿ ಬಂತು. ತಲೆ ಬಗ್ಗಿಸಿ ತಟ್ಟೆ ಚಾಚಿದೆ.

ಅವರು ಸೌಟನ್ನು ಎತ್ತಿ ಹಿಡಿದು, ಇಡೀ ಸಭಾಂಗಣಕ್ಕೆ ಕೇಳುವ ದನಿಯಲ್ಲಿ ಅಂದರು: "ಏನೋ ಮಿಲೋ, ಹೊರಗೆ ಮೋಡ ಕಪ್ಪಗಿದ್ಯಂತೆ. ಈ ಸಲ ಯಾವಾಗ ಹೇಳ್ತೀಯಪ್ಪ, ಕೇಕು ಗೀಕು ಎಲ್ಲ ಮುಗಿದ ಮೇಲೋ?"

ಚಮಚಗಳ ಸದ್ದು ನಿಂತಿತು. ಗೇಲನ್ ಉಸಿರು ಎಳೆದುಕೊಂಡದ್ದು ನನ್ನ ಕತ್ತಿನ ಹಿಂದೆ ಕೇಳಿಸಿತು. ಅವರ ಕಣ್ಣು ನನ್ನ ಮೇಲಿಂದ ಕದಲಲಿಲ್ಲ. ಗೇಲಿ ಮಾಡಿದರೆ ನಗಬೇಕು. ನಾನು ಬಾಯಿ ತೆರೆದೆ. ಬಂದದ್ದು ನಗುವಲ್ಲ, ಅಷ್ಟು ಜನರ ಮುಂದೆ, ತಟ್ಟೆ ಹಿಡಿದುಕೊಂಡೇ, ಮಗುವಿನ ಹಾಗೆ ಗೊಳೋ ಎಂದು ಅತ್ತುಬಿಟ್ಟೆ.

ಆರ್ಲಿಸ್ ನನ್ನ ತಟ್ಟೆಗೆ ಆಲೂಗಡ್ಡೆ ಹಾಕಿದರು, ಇನ್ನೊಂದು ಸೌಟೂ ಹಾಕಿದರು.

"ಮುಂದೆ ಹೋಗು" ಎಂದರು. "ಹಿಂದೆ ಜನ ಕಾಯ್ತಿದ್ದಾರೆ."